ಉಣ್ಣಿ ಎಂದು ಬಾಯಿಬಿಟ್ಟ ಬಂಡಮ್ಮ

ಕಮಲಾಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಊರ ಹೊರಗಿನ ಎಮ್ಮೆ ಕೊಟ್ಟಿಗೆಯಲ್ಲಿ ಬಂಡಮ್ಮ ಕೆಂಡದ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೈ ಕಾಯಿಸಿಕೊಳ್ಳುತ್ತಿದ್ದಾರೆ. ಚಳಿಯೇನಿಲ್ಲ. ಆದರೆ ಕಾಯಿಸದಿದ್ದರೆ ಅವರ ಬೆರಳು ಮಡಚುವುದಿಲ್ಲ. ಒಂದೊಂದೇ ಬೆರಳು ಮಣಿಯತೊಡಗಿದ ಮೇಲೆ ಎದ್ದು, ಮೊದಲ ಎಮ್ಮೆಯ ಕಿವಿ ಎತ್ತಿ, ಬುಡದಲ್ಲಿ ಕಚ್ಚಿಕೊಂಡ ಉಣ್ಣಿಗಳನ್ನು ಕೀಳಲು ಶುರು ಮಾಡುತ್ತಾರೆ. ಕಿತ್ತದ್ದೆಲ್ಲ ಕೆಂಡಕ್ಕೆ. ಬೋಗುಣಿ ದೂರವಿದ್ದರೆ ಎರಡು ಹೆಬ್ಬೆರಳಿನ ಉಗುರುಗಳ ನಡುವೆ ಇಟ್ಟು ಹಿಚುಕುವುದು. ನೆಲಕ್ಕೆ ಬಿಟ್ಟರೆ ಮತ್ತೆ ಹತ್ತುತ್ತವೆ, ಹಾಗಾಗಿ ಬಿಡುವಂತಿಲ್ಲ. ಕೈಗೆ ಗವಸು ಇಲ್ಲ.

"ಕಿವಿ, ಬಾಲದ ಬುಡ, ಕೆಚ್ಚಲ ಸಂದಿ, ಇಷ್ಟ್ ಸ್ವಚ್ಛ ಆತಂದ್ರ ಎಮ್ಮಿ ಸುಮ್ನ ನಿಂತು ಹಾಲು ಕೊಡ್ತದ್ರಿ. ಇಲ್ಲಂದ್ರ ಒದೀತದ. ಅದರದೇನ್ ತಪ್ಪದ ಹೇಳ್ರಿ?" ಅನ್ನುತ್ತಾರೆ ಬಂಡಮ್ಮ. ಮಾತಾಡುವಾಗ ಅವರ ಬಾಯಿ ಬಲಗಡೆಗಷ್ಟೇ ಅಲ್ಲಾಡುತ್ತದೆ. ಎಡಗೆನ್ನೆ ಜೋತುಬಿದ್ದಿದೆ, ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ.

ಇಲ್ಲಿಯ ಹಾಲು ಬೆಳಗಿನ ಗಾಡಿಯಲ್ಲೇ ಕಲಬುರಗಿಗೆ ಹೋಗುತ್ತದೆ. ಜಗತ್ ಸರ್ಕಲ್‌ನಲ್ಲಿ ನಿಂತು ಚಹಾ ಕುಡಿಯುವವರು ಹಾಲು ನೀರಾಯಿತು ಎಂದು ಹೋಟೆಲಿನವನ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಆ ಎಮ್ಮೆಯ ಮೈ ಯಾರು ಸ್ವಚ್ಛ ಮಾಡಿದರು, ಅವರ ಮೈಗೆ ಏನಾಯಿತು ಎಂದು ಕೇಳಿದವರು ಯಾರೂ ಇಲ್ಲ.

ಆಗಿದ್ದು ಇಷ್ಟು. ಕೆಲವು ಮಳೆಗಾಲಗಳ ಹಿಂದೆ ಬಂಡಮ್ಮನ ತೊಡೆಯ ಮೇಲೆ ಬಳೆಯಷ್ಟು ಅಗಲದ ಕೆಂಪು ಉಂಗುರ ಎದ್ದಿತು. ಗಜಕರ್ಣ ಅಂದುಕೊಂಡು ಮೆಡಿಕಲ್ ಅಂಗಡಿಯ ಮುಲಾಮು ಹಚ್ಚಿದರು. ಆಮೇಲೆ ಜ್ವರ, ಮೈತುಂಬ ಗುಳ್ಳೆ, ಮೊಣಕಾಲಿಗೆ ಬಾವು. ಒಂದು ಮುಂಜಾನೆ ಮುಖವೇ ಕೈಕೊಟ್ಟಿತು. "ಬಾಯಾಗ ನೀರು ಹಾಕ್ಕೊಂಡು ಮುಕ್ಕಳಿಸಿದ್ರ ಎಡಗಡಿ ಸೋರಾಕತ್ತಿತ್ರಿ. ಕನ್ನಡಿ ನೋಡ್ಕೊಂಡೆ. ನನ್ನ ಮಾರಿ ನಂದೇ ಅಲ್ಲ ಅನಸ್ತು. ಅವತ್ತು ಭಾಳ ಅತ್ತೆ."

ಗಂಡ ಚಂದ್ರಶಾ ಬಾಳೆ ತೋಟಗಳಲ್ಲಿ ಗೊನೆ ಹೊರುವ ಕೆಲಸದವರು. ಕೆಲಸ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ಕಲಬುರಗಿಯ ಸೇಡಂ ರಸ್ತೆಯ ದವಾಖಾನೆಗಳನ್ನು ಸುತ್ತಿದರು. ಒಬ್ಬರು ಟೈಫಾಯ್ಡ್ ಅಂದರು. ಇನ್ನೊಬ್ಬರು ಸಂಧಿವಾತ ಅಂದರು. ಮುಖಕ್ಕೆ ಗಾಳಿ ಬಡಿದಿದೆ, ತಾನಾಗೇ ಸರಿಹೋಗುತ್ತದೆ ಎಂದವರೂ ಉಂಟು. ಕೊನೆಗೆ ಒಬ್ಬ ಮಹಾನುಭಾವರು, ಬಂಡಮ್ಮ ಎದುರಿಗೇ ಕುಳಿತಿರುವಾಗ, ಅವರತ್ತ ತಿರುಗಿಯೂ ನೋಡದೆ ಚಂದ್ರಶಾ ಅವರಿಗೆ ಹೇಳಿದರಂತೆ: "ನಿಮ್ಮ ಹೆಂಡ್ತಿಗೆ ಏನೂ ರೋಗ ಇಲ್ಲ. ಎಲ್ಲ ಮನಸ್ಸಿಂದು. ಕೆಲಸಾ ತಪ್ಪಿಸ್ಕೊಳ್ಳಾಕ ಹಿಂಗ್ ಮಾಡ್ತಾರ."

ಕೆಲಸ ತಪ್ಪಿಸಿಕೊಳ್ಳಲಿಕ್ಕಂತೆ! ಜ್ವರದಲ್ಲೂ ಎಮ್ಮೆಯ ಕಾಲ ಸಂದಿಯಲ್ಲಿ ತಲೆ ತೂರಿಸಿ ಕುಳಿತ ಹೆಂಗಸಿಗೆ ಹೇಳುವ ಮಾತೇ ಇದು? ಕುರ್ಚಿಯಲ್ಲಿ ಕುಳಿತವರಿಗೆ ನಾಲಿಗೆ ಎಷ್ಟು ಸಲೀಸು ನೋಡಿ.

ಹಾಗಂತ ತಪ್ಪೆಲ್ಲ ವೈದ್ಯರದೇ ಅಂದರೆ ಬಂಡಮ್ಮ ಒಪ್ಪುವುದಿಲ್ಲ. ಒಬ್ಬ ವೈದ್ಯರು ಹುಳಹುಪ್ಪಟೆ ಏನಾದರೂ ಕಡಿದಿದೆಯೇ ಎಂದು ಕೇಳಿಯೇ ಕೇಳಿದ್ದರು. ಇವರು ಇಲ್ಲ ಅಂದುಬಿಟ್ಟರು. ಕೊಟ್ಟಿಗೆಯ ಹೆಂಗಸರಿಗೆ ಮಾಲೀಕರ ಮೊದಲ ಪಾಠವೇ ಅದು: ಹೊರಗಿನವರ ಮುಂದೆ ಉಣ್ಣಿಯ ಮಾತು ಎತ್ತಬಾರದು, ಎತ್ತಿದರೆ ಗಿರಾಕಿ ಹೋಗುತ್ತಾರೆ. "ಡಾಕ್ಟರೂ ಹೊರಗಿನವರೇ ಅಲ್ಲೇನ್ರಿ? ಅವರ ಮನಿಗೂ ಹಾಲು ಹೋಗ್ತಿರಬಹುದು ಅಂತ ಅಂಜಿದೆ. ನನ್ನ ಕಾಲ ಮ್ಯಾಲ ನಾನೇ ಕಲ್ಲು ಹಾಕ್ಕೊಂಡೆ."

ಕಡೆಗೆ ಗುರುತು ಹತ್ತಿದ್ದು ಉಗುರಿನಿಂದ. ಕಲಬುರಗಿಯ ಡಾಕ್ಟರ್ ಮಂಜುಷಾ ನಾಡಿ ನೋಡಲು ಕೈ ಹಿಡಿದಾಗ ಎರಡೂ ಹೆಬ್ಬೆರಳಿನ ಉಗುರು ಕಪ್ಪಗೆ ಕಲೆಗಟ್ಟಿದ್ದು ಕಂಡಿತು. ಇದೇನು ಎಂದು ಕೇಳಿದರು. ಬಂಡಮ್ಮ ಕೈ ಎಳೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡರು. ಬಾಗಿಲು ಹಾಕಿ ಮತ್ತೆ ಕೇಳಿದಾಗ ಎಲ್ಲ ಹೇಳಿ ಅತ್ತರು. ರಕ್ತ ಹೊರ ಊರಿನ ಪ್ರಯೋಗಾಲಯಕ್ಕೆ ಹೋಯಿತು. ಬಂದ ಉತ್ತರ: ಉಣ್ಣಿಯಿಂದ ಹರಡುವ ಲೈಮ್ ಕಾಯಿಲೆ, ಜೊತೆಗೆ ಉಣ್ಣಿಯದೇ ಇನ್ನೊಂದು ಜ್ವರ. ಎರಡೂ ಒಂದೇ ಮೈಯಲ್ಲಿ.

"ಲೈಮ್ ನಮ್ಮ ಕಡೆ ಭಾಳ ಅಪರೂಪ. ನನಗೂ ಮೊದಲ ನಂಬಿಕಿ ಬರಲಿಲ್ಲ, ಮತ್ತೊಮ್ಮೆ ಪರೀಕ್ಷಾ ಮಾಡಿಸಿದೆ," ಅನ್ನುತ್ತಾರೆ ಮಂಜುಷಾ. "ಅಪರೂಪ ಅಂದ್ರ ಇಲ್ಲೇ ಇಲ್ಲ ಅಂತ ಅಲ್ಲಲ್ರೀ? ಮೊದಲೇ ಔಷಧ ಬಿದ್ದಿದ್ರ ಆಕಿ ಮುಖ ಇಷ್ಟು ಕೆಡ್ತಿರಲಿಲ್ಲ ಅನಸ್ತದ." ಔಷಧದಿಂದ ಜ್ವರ ಹೋಯಿತು. ಬೆರಳ ನೋವು, ಮೈಯ ಆಯಾಸ, ಜೋತ ಕೆನ್ನೆ ಹಾಗೇ ಉಳಿದವು. ಅಂಗಳ ಗುಡಿಸಿದರೂ ಮಲಗಬೇಕೆನಿಸುವ ದಿನಗಳಿವೆ. ನೋಡಲು ಗಟ್ಟಿಯಾಗೇ ಇದ್ದೀಯಲ್ಲ ಎಂದು ಓಣಿಯವರು ಚುಚ್ಚುತ್ತಾರೆ.

ಮಾಲೀಕರನ್ನು ಕೊಟ್ಟಿಗೆಯಲ್ಲೇ ಮಾತಾಡಿಸುತ್ತೇನೆ. ಹೆಸರು ಹಾಕಕೂಡದು ಎಂಬ ಕರಾರಿನ ಮೇಲೆ ಹೇಳುತ್ತಾರೆ: "ನಮ್ಮಲ್ಲಿ ಉಣ್ಣಿನೇ ಇಲ್ರಿ. ಆಕಿಗೆ ಮನ್ಯಾಗಿನ ಆಡಿಂದ ಬಂದಿರಬೇಕು." ಅವರ ಬೆನ್ನ ಹಿಂದೆ ಬಂಡಮ್ಮ ಎಮ್ಮೆಯ ಬಾಲ ಎತ್ತಿ ಕೀಳುತ್ತಲೇ ಇದ್ದಾರೆ. ಉಣ್ಣಿ ಇಲ್ಲ ಅಂದಮೇಲೆ ಈ ಹೆಂಗಸರನ್ನು ಇಟ್ಟುಕೊಂಡಿದ್ದು ಯಾಕೆ ಎಂದರೆ ಫೋನು ಬಂತೆಂದು ಹೊರಗೆ ನಡೆಯುತ್ತಾರೆ. ಆಡಿನ ಮಾತು ಕೇಳಿ ಬಂಡಮ್ಮನಿಗೆ ನಗು: "ನಮ್ಮ ಮನ್ಯಾಗ ಕೋಳಿ ಸುದ್ದಾ ಇಲ್ರಿ, ಆಡ್ ಎಲ್ಲಿಂದ ತರ್ಲಿ!"

ಇಷ್ಟಕ್ಕೇ ನಿಂತಿದ್ದರೆ ಇದು ನೋವಿನ ಕತೆ ಮಾತ್ರ ಆಗುತ್ತಿತ್ತು. ಹೋದ ಮಳೆಗಾಲದಲ್ಲಿ ಜೊತೆ ಕೆಲಸದ ಅಕ್ಬರಿ ಬೇಗಂ ಅವರಿಗೆ ಜ್ವರ ಬಂತು. ತೋಳಿನ ಮೇಲೆ ಅದೇ ಕೆಂಪು ಉಂಗುರ. ಮಾಲೀಕರು ಇಬ್ಬರನ್ನೂ ಕರೆದು, ಉಣ್ಣಿ ಗಿಣ್ಣಿ ಅಂತ ದವಾಖಾನೆಗೆ ಹೋದರೆ ಮರಳಿ ಇತ್ತ ಬರಬೇಡಿ ಅಂದರು. ಹೆದರಿದ ಅಕ್ಬರಿ ಗುಳಿಗೆ ನುಂಗಿ ಮಲಗುತ್ತೇನೆ ಅಂದರು. ಬಂಡಮ್ಮ ಬಿಡಲಿಲ್ಲ. "ಬುರ್ಖಾ ಹಾಕ್ಕೋ, ನಡಿ ಅಂದೆ. ಕೆಲಸಾ ಹೋದ್ರ ಇನ್ನೊಂದು ಸಿಗ್ತದ, ಮಾರಿ ಸಿಗ್ತದೇನು ಅಂದೆ."

ಮೊದಲ ಬಸ್ಸಿಗೆ ಕಲಬುರಗಿಗೆ ಬಂದರು. ಡಾಕ್ಟರ್ ಮಂಜುಷಾ ಅಂದು ಊರಲ್ಲಿರಲಿಲ್ಲ. ದೊಡ್ಡ ದವಾಖಾನೆಯೊಂದರಲ್ಲಿ ಮಂದಿಯೋ ಮಂದಿ. ಅಲ್ಲಿದ್ದ ವೈದ್ಯರು ತಲೆ ಎತ್ತದೆ ವೈರಲ್ ಜ್ವರ ಎಂದು ಚೀಟಿ ಬರೆದು ಮುಂದಿನವರನ್ನು ಕರೆದರು. ಆಗ ಬಂಡಮ್ಮ ಜಾಗ ಬಿಟ್ಟು ಕದಲದೆ, ಎಲ್ಲರಿಗೂ ಕೇಳುವಂತೆ ಬಾಯಿ ಮಾಡಿದರು: "ವೈರಲ್ ಅಲ್ರೀ ಸಾಹೇಬ್ರ! ಉಣ್ಣಿ ಕಡದದ. ನಾವು ಎಮ್ಮಿ ಉಣ್ಣಿ ಹಿಚುಕೋ ಮಂದಿ. ಆಕಿ ತೋಳು ನೋಡ್ರಿ, ಆಮ್ಯಾಗ ನನ್ನ ಮಾರಿ ನೋಡ್ರಿ!" ಬೆಂಚಿನ ಮೇಲಿದ್ದವರು ಸೆರಗು ಎಳೆದುಕೊಂಡು ದೂರ ಸರಿದರಂತೆ. ವೈದ್ಯರು ಮಾತ್ರ ತಲೆ ಎತ್ತಿ ನೋಡಿದರು. ಅಂದೇ ತಕ್ಕ ಔಷಧ ಶುರುವಾಯಿತು.

ಸುದ್ದಿ ಕಮಲಾಪುರಕ್ಕೆ ಮುಟ್ಟಿತು. ಇಬ್ಬರ ಕೆಲಸವೂ ಹೋಯಿತು. ಬೇರೆ ಯಾರೂ ಈ ಕೆಲಸಕ್ಕೆ ಒಪ್ಪದಿದ್ದಾಗ ಮರಳಿ ಬನ್ನಿ ಎಂದು ಮಾಲೀಕರೇ ಇಬ್ಬರಿಗೂ ಹೇಳಿಕಳಿಸಿದರು. ಗವಸು ಕೊಡಿ ಎಂದು ಕೇಳಿದರೆ ಇವತ್ತಿಗೂ ನೋಡೋಣ ಅನ್ನುತ್ತಾರೆ. ಏನು ನೋಡುವುದು? ಇನ್ನೆಷ್ಟು ಮುಖ ಸೊಟ್ಟಗಾಗಬೇಕು ಇವರಿಗೆ? ಎಮ್ಮೆಯ ಮೈಗೆ ಹಚ್ಚುವ ಉಣ್ಣಿಯ ಔಷಧ ಸಿಗದ ವಸ್ತುವೇನಲ್ಲ. ಅದನ್ನು ತರಿಸಿದರೆ ಉಣ್ಣಿ ಇದೆ ಎಂದು ಒಪ್ಪಿದ ಹಾಗಾಗುತ್ತದೆ, ಅದೇ ತೊಂದರೆ.

ಪತ್ರಿಕೆಯಲ್ಲಿ ಹೆಸರು ಬದಲಿಸಿ ಬರೆಯಲೇ ಎಂದು ಕೇಳುತ್ತೇನೆ. "ಯಾಕ್ರೀ? ನನ್ನ ಹೆಸರೇ ಹಾಕ್ರಿ. ನಾ ಏನ್ ಕದ್ದೀನೇನು?"

ಮತ್ತೆ ನಿಮಗೇನು ಬೇಕು ಎಂದು ಕೇಳುತ್ತೇನೆ. ಆಚೆ ಸಾಲಿನಲ್ಲಿ ಅಕ್ಬರಿ ಬೇಗಂ ಎಮ್ಮೆಯೊಂದಿಗೆ ಏನೋ ಜಗಳ ತೆಗೆದು, ತಾವೇ ಬಾಯಿತುಂಬ ನಗುತ್ತಿದ್ದಾರೆ. ಬಂಡಮ್ಮ ಅತ್ತ ಕೈ ಮಾಡಿ ತೋರಿಸುತ್ತಾರೆ.

"ಆಕಿ ನಗೂದು ನೋಡ್ರಿ. ಎರಡೂ ಕಡಿ ಬಾಯಿ ಸರಿಸಮ ಹೋಗ್ತದ. ಅದು ನಾ ಮಾಡಿದ ಕೆಲಸ್ರಿ."