ಯಜಮಾನರ ಕಾಲು ಯಾಕೆ ಸುಡಲಿಲ್ಲ?

ಹೈದರಾಬಾದಿನವರು ವಿದೇಶಕ್ಕೆ ಹೋಗಬೇಕೆಂದರೆ ಮೊದಲು ಚಿಲ್ಕೂರು ಬಾಲಾಜಿಯ ಹತ್ತಿರ ಹೋಗುತ್ತಾರೆ. ವೀಸಾ ಕೊಡಿಸುವ ದೇವರು ಅಂತಲೇ ಅವನಿಗೆ ಹೆಸರು. ಹನ್ನೊಂದು ಸುತ್ತು ಹಾಕಿ ಬೇಡಿಕೊಳ್ಳುವುದು, ವೀಸಾ ಬಂದ ಮೇಲೆ ನೂರೆಂಟು ಸುತ್ತು ಹಾಕಿ ಹರಕೆ ತೀರಿಸುವುದು. ಈ ಬೇಸಿಗೆಯಲ್ಲಿ ನಾನು ಅಲ್ಲಿಗೆ ಕರೆದುಕೊಂಡು ಹೋದದ್ದು ಆಗಲೇ ವಿದೇಶಕ್ಕೆ ಬಂದು ಕೂತಿದ್ದವಳನ್ನು!

ಗ್ರೇಸ್ ಕೀನ್ಯಾದ ಡಾಕ್ಟರ್. ಮೆಹದಿಪಟ್ಟಣಂನಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದಾಳೆ. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಸಕ್ಕರೆ ಕಾಯಿಲೆಯವರ ಪಾದಗಳ ಮೇಲೆ ಒಂದು ವರ್ಷದ ಸಂಶೋಧನೆ. ಬಂದು ಆರು ತಿಂಗಳಾದರೂ ಪುಣ್ಯಾತ್ಗಿತ್ತಿ ಚಾರ್‌ಮಿನಾರ್ ಕೂಡ ನೋಡಿರಲಿಲ್ಲ. ಯಾವಾಗ ಕೇಳಿದರೂ ಪೇಷಂಟು, ಡೇಟಾ, ರಿಪೋರ್ಟು. ಅವಳ ಖರ್ಚೆಲ್ಲ ಅವಳ ದೇಶ ಕೊಡುತ್ತಿದೆಯಂತೆ, ಊರು ಸುತ್ತಿದರೆ ಮನಸ್ಸಿಗೆ ಚುಚ್ಚುತ್ತದಂತೆ. ನಮ್ಮ ದೇಶದ ಡಾಕ್ಟರುಗಳು ಕಾನ್ಫರೆನ್ಸ್ ಅಂತ ಹೋಗಿ ಐಫೆಲ್ ಟವರ್ ಮುಂದೆ ನಿಂತ ಫೋಟೋ ಹಾಕುವಾಗ ಯಾರಿಗಾದರೂ ಹಾಗೆ ಚುಚ್ಚಿದ್ದು ಕೇಳಿದ್ದೀರಾ?

ನನಗೆ ರೇಗಿತು. ಒಂದು ಭಾನುವಾರ ಹೊರಡಿಸಿಯೇಬಿಟ್ಟೆ. ಮೊದಲು ಚಿಲ್ಕೂರು, ಆಮೇಲೆ ಬಿರಿಯಾನಿ, ಸಂಜೆ ಗೋಲ್ಕೊಂಡಾ. ಡ್ರೈವರು ನಮ್ಮ ಯಜಮಾನರು. ಗ್ರೇಸ್‌ಗೆ ಒಂದೇ ಷರತ್ತು ಹಾಕಿದೆ: ಮನೆಗೆ ಬರುವವರೆಗೆ ಆಸ್ಪತ್ರೆ ಸುದ್ದಿ ಎತ್ತಬಾರದು.

ನಾವು ತಲುಪುವ ಹೊತ್ತಿಗೆ ದೇವಸ್ಥಾನದ ಅಂಗಳ ಕಾದ ಹೆಂಚಾಗಿತ್ತು. ಸುತ್ತು ಹಾಕುವ ದಾರಿಗೆ ಮ್ಯಾಟ್ ಹಾಸಿದ್ದರು, ಎಲ್ಲರೂ ಅದರ ಮೇಲೆಯೇ ನುಗ್ಗಾಟ. ಬೆರಳು ಆಚೆ ತಾಗಿದರೆ ಸಾಕು, ನಾನು ಕುಣಿಯುತ್ತಿದ್ದೆ. ನಮ್ಮವರು? ಮ್ಯಾಟು ಬಿಟ್ಟು ಬರೀ ಕಲ್ಲಿನ ಮೇಲೆ, ಕೈಕಟ್ಟಿಕೊಂಡು, ಮದುವೆ ಮನೆಯ ಹಿರಿಯರ ಹಾಗೆ ನಿಧಾನಕ್ಕೆ ಬರುತ್ತಿದ್ದರು.

(ನಾನು ಮೈಸೂರಿನವಳು, ಅವರು ಕಲಬುರಗಿಯವರು. ಬಿಸಿಲಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವರದೇ ಕೊನೆಯ ಮಾತು.)

"ಇದೂ ಒಂದ್ ಬಿಸಲೇನು? ಕಲಬುರಗಿ ಬಿಸಲಾಗ ಬೆಳದ ಕಾಲು ಇವು" ಅಂದರು. ನಾನು ಹೆಮ್ಮೆಯಿಂದ ಅದನ್ನು ಗ್ರೇಸ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಗಲಿಲ್ಲ. ಇವರಿಗೆ ಶುಗರ್ ಇದೆಯಾ ಎಂದು ಕೇಳಿದಳು. ಹತ್ತು ವರ್ಷದಿಂದ ಇದೆ, ಮಾತ್ರೆ ತಗೋತಾರೆ ಎಂದೆ. ನೀನು ಷರತ್ತು ಮುರಿದೆ ಅಂತ ಛೇಡಿಸಿದೆ ಕೂಡ. ಅವಳ ಕಿವಿಗೆ ಅದು ಬೀಳಲೇ ಇಲ್ಲ. ಹನ್ನೊಂದು ಸುತ್ತು ಮುಗಿಯಲೂ ಬಿಡದೆ ಇವರನ್ನು ಹೊರಗೆ ಮರದ ನೆರಳಿಗೆ ಕರೆತಂದು ಕೂರಿಸಿದಳು.

ಬ್ಯಾಗಿನಿಂದ ಒಂದು ತೆಳು ನೈಲಾನ್ ಎಳೆ ತೆಗೆದಳು. (ಔಟಿಂಗಿಗೂ ಅದನ್ನು ತಂದಿದ್ದಳು ನೋಡಿ!) ಕಣ್ಣು ಮುಚ್ಚಿಕೊಂಡು, ಎಳೆ ಪಾದಕ್ಕೆ ತಾಗಿದಾಗಲೆಲ್ಲ ಹೂಂ ಅನ್ನಬೇಕು ಎಂದು ಹೇಳಿದಳು. ಬೆರಳ ತುದಿ, ಅಂಗಾಲು, ಹಿಮ್ಮಡಿ, ಎಲ್ಲ ಕಡೆ ಎಳೆ ಬಾಗುವಷ್ಟು ಒತ್ತಿದಳು. ಒಂದು ಕಾಲು ಪೂರ್ತಿ ಮುಗಿಯಿತು. ಇವರು ಕಣ್ಣು ಮುಚ್ಚಿಕೊಂಡೇ ನನ್ನನ್ನು ಕೇಳಿದರು:

"ಡಾಕ್ಟರಮ್ಮ ಯಾವಾಗ ಸುರು ಮಾಡ್ತಾರಂತ, ಕೇಳು."



ಗ್ರೇಸ್ ಪಾದವನ್ನು ಮೇಲೆತ್ತಿ ತೋರಿಸಿದಳು. ಹೆಬ್ಬೆರಳ ಕೆಳಗೆ ಗುಳ್ಳೆ ಒಡೆದು ಕೀವು ಕಟ್ಟಿತ್ತು. ಇವತ್ತಿನದಲ್ಲ, ಎಷ್ಟೋ ದಿನದ್ದು. ಅದನ್ನು ಹೊತ್ತು ತಿರುಗಿದವರಿಗೇ ಗೊತ್ತಿರಲಿಲ್ಲ.

"ಇವರ ಕಾಲು ಗಟ್ಟಿ ಅಂತ ಅಲ್ಲ. ಇವರಿಗೆ ಸುಟ್ಟರೂ ಗೊತ್ತಾಗ್ತಾ ಇಲ್ಲ" ಎಂದಳು ಮೆಲ್ಲಗೆ. ಹೀಗೇ ಬಿಟ್ಟರೆ ಮೊದಲು ಬೆರಳು, ಆಮೇಲೆ ಪಾದವನ್ನೇ ತೆಗೆಯಬೇಕಾದೀತು, ತಾನು ದಿನಾ ನೋಡುವುದು ಅಂಥವರನ್ನೇ ಎಂದಳು.

ಬಿರಿಯಾನಿಯೂ ಇಲ್ಲ, ಗೋಲ್ಕೊಂಡಾವೂ ಇಲ್ಲ. ನೇರ ಆಸ್ಪತ್ರೆ. ಗಾಯ ತೊಳೆದು ಡ್ರೆಸಿಂಗ್ ಮಾಡುವಾಗ ಇವರು ಆರಾಮಾಗಿ ಕೂತಿದ್ದರು. ಕಣ್ಣೀರು ಹಾಕಿದ್ದು ನಾನು. ರಜೆ ಹಾಳಾದ ಹುಡುಗಿ ನನ್ನ ಕೈ ಹಿಡಿದುಕೊಂಡಿದ್ದಳು.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಹೋದ ಸ್ಪರ್ಶ ಮತ್ತೆ ಬರುವುದು ಕಷ್ಟವಂತೆ. ಬಾರದಿದ್ದರೆ ಬೇಡ, ಕಾಲು ಉಳಿಯಿತಲ್ಲ! ನಮ್ಮ ಕಲಬುರಗಿ ಗಂಡು ಈಗ ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿಕೊಂಡು ಓಡಾಡುತ್ತಾರೆ, ನಾನು ಬಾಯಿ ಬಿಟ್ಟು ನಗುವುದಿಲ್ಲ.

ಕೆಲಸವೇ ಬೇರೆ, ಊರು ನೋಡುವುದೇ ಬೇರೆ ಅಂತ ಅವಳಿಗೆ ಪಾಠ ಹೇಳಹೊರಟಿದ್ದವಳು ನಾನು. ಅವಳು ನನ್ನ ಪಾಠ ಕೇಳದೇ ಇದ್ದದ್ದು ನಮ್ಮ ಪುಣ್ಯ. ಹೋದ ಭಾನುವಾರ ಇವರನ್ನು ಮನೆಯಲ್ಲಿ ಬಿಟ್ಟು ನಾವಿಬ್ಬರೇ ಗೋಲ್ಕೊಂಡಾ ಹತ್ತಿದೆವು. ತುದಿಯಲ್ಲಿ ನಿಂತು ಗ್ರೇಸ್ ಅವರಮ್ಮನಿಗೆ ವಿಡಿಯೋ ಕಾಲ್ ಮಾಡಿ ಇಡೀ ಊರು ತೋರಿಸಿದಳು. ನಾನು ಆ ತಾಯಿಗೆ ಕೈಮುಗಿದೆ. ಅವರ ಭಾಷೆ ನನಗೆ ಬರುವುದಿಲ್ಲ, ಬಂದಿದ್ದರೂ ಇನ್ನೇನು ಹೇಳುತ್ತಿದ್ದೆ?

ಇನ್ನು ನಮ್ಮ ವಿಷಯಕ್ಕೆ ಬರೋಣ. ಭೀಮನ ಅಮಾವಾಸ್ಯೆ ಹತ್ತಿರ ಬಂತು. ಗಂಡನ ಪಾದ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ನಮಸ್ಕಾರ ಮಾಡುತ್ತೇವಲ್ಲ ಗೆಳತಿಯರೇ, ಈ ಸಲ ಆ ಪಾದವನ್ನು ಒಂದು ನಿಮಿಷ ಮೇಲೆತ್ತಿ ಅಂಗಾಲನ್ನೂ ನೋಡುತ್ತೀರಾ?