ಹಳಿಯ ಮೇಲೆ ನಿಂತ ಕಾರು

ವಿಜಯದಶಮಿಯ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ನಮ್ಮ ಕಾರಿನ ಎಂಜಿನ್ನಿನಿಂದ ಮೊದಲ ಸಲ ಆ ಸದ್ದು ಬಂತು. ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ. ಅಂದು ಶುಕ್ರವಾರ. "ಹತ್ತೂವರೆಗೆ ರಾಹುಕಾಲ ಕಣೋ, ಅಷ್ಟರಲ್ಲಿ ತಲುಪ್ತೀವಾ?" ಎಂದು ಅಮ್ಮ ಹಿಂದಿನಿಂದ ಅಣ್ಣನನ್ನು ಕೇಳಿದ್ದಳು. ನಾನು ಗಡಿಯಾರ ನೋಡುತ್ತಿದ್ದೆ. ಅದಕ್ಕೇ ಆ ಗಳಿಗೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅಣ್ಣ ಓಡಿಸುತ್ತಿದ್ದ, ತಂಗಿ ನಾನು ಅವನ ಪಕ್ಕ ಕೂತಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದಿದ್ದ ಅಮ್ಮನ ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದರು. ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿ ಕೂತಿದ್ದಳು. ಮತ್ತಿಕೆರೆಯಿಂದ ಯಲಹಂಕದ ಚಿಕ್ಕಮ್ಮನ ಮನೆಗೆ ಹಬ್ಬದೂಟಕ್ಕೆ ಹೊರಟಿದ್ದೆವು.

ಕಾರು ನಮ್ಮ ಕೈಗೆ ಬರುವ ಮೊದಲೇ ಇಬ್ಬರ ಕೈ ದಾಟಿತ್ತು. ಅದರ ಮೀಟರು ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಶುರುವಾಗಿತ್ತು. ಆಯುಧಪೂಜೆಗೆ ಬೀದಿಯವರೆಲ್ಲ ಗಾಡಿ ತೊಳೆಯುವಾಗ ಅಣ್ಣನಿಗೆ ಹೊರಗೆ ತೊಳೆದರೆ ಸಾಲದು ಅನ್ನಿಸಿತು. ಗಲ್ಫಿನಿಂದ ರಜೆಗೆ ಬಂದಿದ್ದ ಪಕ್ಕದ ಮನೆಯ ಗೆಳೆಯ ಒಂದು ಡಬ್ಬಿ ಸಿಂಥೆಟಿಕ್ ಎಂಜಿನ್ ಆಯಿಲ್ ತಂದುಕೊಟ್ಟಿದ್ದ.

"ಇದು ನೆಲದಿಂದ ತೆಗೆದಿದ್ದಲ್ಲ ಭಾಯ್, ಫ್ಯಾಕ್ಟರಿಯಲ್ಲಿ ಮಾಡಿದ್ದು. ನಿನ್ನ ಮುದುಕಿ ಮತ್ತೆ ಮದುಮಗಳಾಗ್ತಾಳೆ ನೋಡು!"

ಅಷ್ಟು ಒಳ್ಳೆಯ ಎಣ್ಣೆಯನ್ನು ಕೊಳಕು ಎಂಜಿನ್ನಿಗೆ ಹೇಗೆ ಹಾಕುವುದು? ಹಳೆಯ ಎಣ್ಣೆ ಇಳಿಸಿ, ಸೀಮೆಎಣ್ಣೆ ತುಂಬಿ, ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಅಣ್ಣ ಅದನ್ನೂ ಇಳಿಸಿದ. ಕಾಡಿಗೆಯಂಥ ನೀರು ಬಾಣಲೆಗೆ ಬಿತ್ತು. "ನೋಡಮ್ಮಾ, ಎಷ್ಟು ಕೊಳೆ!" ಎಂದು ಹೆಮ್ಮೆಯಿಂದ ತೋರಿಸಿದ. ಆಮೇಲೆ ಜೇನಿನ ಬಣ್ಣದ ಹೊಸ ಎಣ್ಣೆ ಸುರಿದ. ಪೂಜೆಯ ಹೊತ್ತಿಗೆ ಅಮ್ಮನನ್ನು ಕಾರಿನ ಮುಂದಿನ ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿದೆವು. ಅವಳು ಒಳಗೆ ಕೈ ಚಾಚಿ ಡ್ಯಾಶ್‌ಬೋರ್ಡಿನಲ್ಲಿ ದುಂಡಗೆ ಕಂಡದ್ದಕ್ಕೆಲ್ಲ ಗಂಧ ಬಳಿದು ಕುಂಕುಮವಿಟ್ಟಳು. ದೇವರಿಗಿಟ್ಟದ್ದನ್ನು ನಮ್ಮ ಮನೆಯಲ್ಲಿ ಯಾರೂ ಒರೆಸುವುದಿಲ್ಲ. ಅದು ತಾನಾಗಿ ಉದುರಬೇಕು.

ಸದ್ದು ಜೋರಾಯಿತು. "ಹೊಸ ಎಣ್ಣೆ ಅಲ್ವಾ, ಹೊಂದ್ಕೋಬೇಕು" ಎಂದ ಅಣ್ಣ. ರೈಲ್ವೆ ಗೇಟು ತೆರೆದಿತ್ತು. ಮುಂದಿನ ಚಕ್ರಗಳು ಮೊದಲ ಹಳಿ ದಾಟಿದವು. ಯಾರೋ ಕೊರಳು ಹಿಡಿದಂತೆ ಎಂಜಿನ್ ನಿಂತಿತು. ಅಣ್ಣ ಮತ್ತೆ ಮತ್ತೆ ಕೀಲಿ ತಿರುಗಿಸಿದ. ಟಕ್ ಅಂದಿತು, ಅಷ್ಟೇ.

ಗೇಟು ಮುಚ್ಚಲು ಹೊರಬಂದ ಗೇಟಿನವನು ನಮ್ಮನ್ನು ಕಂಡು ಕಿರುಚಿದ. "ತಳ್ರೀ ಸಾರ್, ತಳ್ರೀ! ಸ್ಟೇಷನ್ನಿಂದ ಫೋನ್ ಬಂತು, ಗಾಡಿ ಬಿಟ್ಟಾಯ್ತು!" ಕೆಂಪು ಬಾವುಟ ಹಿಡಿದು ಹಳಿಗುಂಟ ಓಡಿದ.

ಅಣ್ಣನೂ ನಾನೂ ಇಳಿದು ತಳ್ಳಿದೆವು. ಕಾರು ಹಿಂದಕ್ಕೆ ಒಂದಿಷ್ಟು ಜರುಗಿ, ಹಳಿಗೆ ತಾಗಿ, ಮತ್ತೆ ಅದೇ ಜಾಗಕ್ಕೆ ಬಂತು.

"ನೀವಿಬ್ರೂ ದೂರ ಹೋಗಿ" ಎಂದಳು ಅಮ್ಮ. ದನಿ ಸಣ್ಣಗಿತ್ತು. "ನನ್ ಕಾಲು ಬರಲ್ಲ."

"ಸುಮ್ನಿರಮ್ಮಾ!"

ತಲೆಯ ಕಡೆಯ ಬಾಗಿಲು ತೆರೆದು ಅವಳ ಕಂಕುಳಿಗೆ ಕೈ ಹಾಕಿ ಎಳೆದೆ. ಮಡಚಲಾಗದ ಕಾಲು ಮುಂದಿನ ಸೀಟಿನ ಬೆನ್ನಿಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಅಮ್ಮ ಚೀರುತ್ತಿದ್ದಳು. ದೂರದಲ್ಲಿ ಸೀಟಿ ಕೇಳಿಸಿತು. ಬೈಪಾಸಿನ ಯಾವುದೋ ಲಾರಿಯ ಹಾರನ್ ಆಗಿರಲಿ ಎಂದು ಮನಸ್ಸು ಬೇಡಿತು. ಅದು ರೈಲೇ.

ಗೇಟಿನಾಚೆ ಎತ್ತಿನ ಗಾಡಿ ನಿಲ್ಲಿಸಿದ್ದ ಇಬ್ಬರು ಓಡಿ ಬಂದರು. ಹಿರಿಯವನು ಆ ಕಡೆಯ ಬಾಗಿಲಿಂದ ಕಾರಿನೊಳಗೇ ತೂರಿಕೊಂಡ.

"ಬುಜ ಇಡ್ಕಳಕ್ಕಾ, ಕಾಲು ನಂಗ್ ಬುಡು. ಇಂಗೆ ಓರೆ ಮಾಡು, ಇಂಗೆ!"

"ಸೀರೆ ಕಣ್ರೋ, ಸೀರೆ!" ಎಂದು ಅಮ್ಮ ಕೂಗಿದಳು.

"ಸೀರೆ ಆಮೇಕೆ ಉಟ್ಕಳವಂತೆ, ಬಾ ತಾಯಿ!"

ಅಮ್ಮ ಹೊರಬಂದಳು. ನಾನೂ ಆ ಹಿರಿಯನೂ ಅವಳನ್ನು ಹೊತ್ತು ರಸ್ತೆಯಂಚಿನ ಹುಲ್ಲಿನ ಮೇಲೆ ಮಲಗಿಸಿದೆವು. ಇನ್ನೊಬ್ಬನೂ, ಸೈಕಲ್ ಬಿಟ್ಟು ಬಂದ ನಾಲ್ಕಾರು ಜನರೂ ಕಾರಿಗೆ ಹೆಗಲು ಕೊಟ್ಟು ಮುಂದಕ್ಕೆ ದೂಡಿದರು. ಅಣ್ಣ ಸ್ಟೇರಿಂಗ್ ಹಿಡಿಯಲು ಮತ್ತೆ ಒಳಗೆ ಹತ್ತಿ ಕೂತಿದ್ದ. "ಇಳಿಯೋ! ಕಾರು ಹಾಳಾಗ್ಲಿ, ಇಳಿಯೋ!" ಎಂದು ಅಮ್ಮ ನೆಲ ಬಡಿಯುತ್ತಿದ್ದಳು. ಹಿಂದಿನ ಚಕ್ರ ಕೊನೆಯ ಹಳಿಯಿಂದ ಧಡ್ ಎಂದು ಕೆಳಗಿಳಿಯಿತು. ಬಾವುಟ ಕಂಡು ವೇಗ ತಗ್ಗಿಸಿದ್ದ ಗೂಡ್ಸ್ ಗಾಡಿ ನಿಲ್ಲಲಾಗದೆ ನಮ್ಮ ಮುಂದೆ ಹಾದುಹೋಯಿತು, ಬೋಗಿಯ ಹಿಂದೆ ಬೋಗಿ. ಅಮ್ಮನ ಬೆನ್ನಡಿಯ ನೆಲ ನಡುಗುವುದು ನನ್ನ ಅಂಗೈಗೆ ತಿಳಿಯುತ್ತಿತ್ತು.

ಆಮೇಲೆ ಮೆಕ್ಯಾನಿಕ್ ಎಂಜಿನ್ ಬಿಚ್ಚಿದಾಗ ಗೊತ್ತಾಯಿತು: ವರ್ಷಗಳಿಂದ ಒಳಗೆ ಅಂಟಿದ್ದ ಕೊಳೆಯೆಲ್ಲ ಸೀಮೆಎಣ್ಣೆಗೂ ಹೊಸ ಎಣ್ಣೆಗೂ ಕಿತ್ತು ಬಂದು, ಎಣ್ಣೆ ಹೀರುವ ಜಾಲರಿಗೆ ಮುಚ್ಚಿಕೊಂಡಿತ್ತು. ಎಂಜಿನ್ನಿನೊಳಗೆ ಎಣ್ಣೆಯಿದ್ದೂ ಮೇಲೇರಿರಲಿಲ್ಲ. ಹಾಗಾದಾಗ ಉರಿಯಬೇಕಾದ ಕೆಂಪು ದೀಪ ಡ್ಯಾಶ್‌ಬೋರ್ಡಿನಲ್ಲಿತ್ತು. ಅಣ್ಣ ಉಗುರಿನಿಂದ ಅದರ ಮೇಲಿದ್ದ ಗಂಧ ಕೆರೆದು ಕೀಲಿ ತಿರುಗಿಸಿದಾಗ ಅದು ಕೆಂಪಗೆ ಬೆಳಗಿತು. ನಾವಿಬ್ಬರೂ ಮುಖ ನೋಡಿಕೊಂಡೆವು.

ಅಮ್ಮ ದಡ್ಡಿಯಲ್ಲ. "ನಾನಿಟ್ಟ ಕುಂಕುಮದಿಂದ ಏನಾದ್ರೂ..." ಎಂದಳು.

"ಆ ದೀಪ ಯಾವತ್ತೋ ಸುಟ್ಟೋಗಿತ್ತಮ್ಮ" ಎಂದ ಅಣ್ಣ, ತಲೆಯೆತ್ತದೆ.

ನಮ್ಮ ಮನೆಗೆ ಯಶವಂತಪುರದ ರೈಲುಗಳ ಸೀಟಿ ಕೇಳುತ್ತದೆ. ಅಮ್ಮನೂ ನಾನೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಪ್ರತಿ ಸೀಟಿಗೂ ನನ್ನ ಕೈಗಳು ಅವಳ ಕಂಕುಳು ಹುಡುಕಿ ಹೋಗುತ್ತಿದ್ದವು. ಅವಳೂ ಎಚ್ಚರವಾಗಿರುತ್ತಿದ್ದಳು.

ಪ್ಲಾಸ್ಟರ್ ತೆಗೆದು, ಕೋಲೂರಿ ನಡೆಯುವಂತಾದ ಮೇಲೆ ಅಮ್ಮ ಒಂದು ಭಾನುವಾರ ಹೊಸ ಸೀರೆ ಉಟ್ಟಳು. "ನಡಿ, ಆ ಗೇಟ್ ದಾಟಿ ಬರೋಣ" ಎಂದಳು. ಬಸ್ಸಿಳಿದು ಗೇಟಿನ ಬಳಿ ನಿಂತೆವು. ಒಂದು ರೈಲು ಬಂದು ಹೋಗುವವರೆಗೂ ಅವಳು ನನ್ನ ಮಣಿಕಟ್ಟು ಬಿಡಲಿಲ್ಲ. ಆಮೇಲೆ ದಾಟಿದೆವು. ಆಚೆ ತಲುಪಿದ ಮೇಲೆ ಉಸ್ಸೆಂದು ಕಲ್ಲಿನ ಮೇಲೆ ಕೂತಳು. "ಇಷ್ಟೇ ಅಗಲ ಕಣೇ" ಎಂದು ಬೆರಗಾದಳು. ಮತ್ತೆ ದಾಟಿ ವಾಪಸು ಬಂದೆವು.

ಸೋಮವಾರ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಅಮ್ಮ ಇನ್ನೂ ಗೊರಕೆ ಹೊಡೆಯುತ್ತಿದ್ದಳು.