ವರದಿಯಲ್ಲಿ ಇಲ್ಲದ ತೂಬು

ಯುದ್ಧದ ವರ್ಷಗಳಲ್ಲಿ ನಾನು ಕೋಲಾರದ ಒಂದು ಸಂಸ್ಥೆಯಲ್ಲಿ ಗುಮಾಸ್ತನಾಗಿದ್ದೆ. ಕೆರೆ, ಕಂದಾಯ, ರಾಗಿಯ ಬೆಲೆ ಇವನ್ನೆಲ್ಲ ಊರೂರು ತಿರುಗಿ ವಿಚಾರಿಸಿ, ಏನು ಮಾಡಬೇಕೆಂದು ಸರ್ಕಾರಕ್ಕೆ ವರ್ಷಕ್ಕೊಂದು ವರದಿ ಬರೆದುಕೊಡುವುದು ಅದರ ಕೆಲಸ. ನಡೆಯುತ್ತಿದ್ದುದು ದಾನಿಗಳಿಂದ. ಹಣಕ್ಕಾಗಿ ಅವರ ಬಾಗಿಲು ಕಾಯುವುದು ನನ್ನ ಪಾಲಿಗೆ ಬಂದಿತ್ತು.

ಅವರು ಯಾಕೆ ಕೊಡುತ್ತಿದ್ದರೆಂದು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಕೋಲಾರದ ಮಂಡಿ ಸಾಹುಕಾರರಿಗೆ ವರದಿಯ ಕೊನೆಯಲ್ಲಿ ಅಚ್ಚಾಗುವ ದಾನಿಗಳ ಪಟ್ಟಿಯಲ್ಲಿ ತಮ್ಮ ಹೆಸರು ಷಡ್ಡಕನ ಹೆಸರಿಗಿಂತ ಮೇಲಿರಬೇಕು. ಮಾಲೂರಿನ ವಕೀಲರಿಗೆ ವಾರ್ಷಿಕ ಸಭೆಯಲ್ಲಿ ಅಮಲ್ದಾರರ ಪಕ್ಕದ ಕುರ್ಚಿ ಬೇಕು. ಮುಳಬಾಗಿಲಿನ ಜಮೀನುದಾರರು, ಕಂದಾಯ ಇಳಿಸಿ ಎಂದು ಬರೆಯುವುದಾದರೆ ಮಾತ್ರ ಬಾ ಎಂದು ನೀರನ್ನೂ ಕೊಡದೆ ಕಳಿಸಿದರು. ವರದಿಯನ್ನು ಬಿಡಿಸಿ ನೋಡಿದ ದಾನಿಯನ್ನು ನಾನು ಕಾಣಲಿಲ್ಲ.

ಅದನ್ನು ಓದಿ ಹೇಳು ಎಂದು ಕೇಳಿದವನು ಒಬ್ಬನೇ, ಅಕ್ಷರ ಬಾರದವನು. ರಾಯಲ್ಪಾಡಿನ ಕಡೆಯ ಹಳ್ಳಿಯೊಂದರ ನೀರುಗಂಟಿ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವವನು. ಸುಗ್ಗಿಯಲ್ಲಿ ರೈತರು ಕೊಡುವ ಭತ್ತವೇ ಅವನ ಸಂಬಳ. ಅದರಲ್ಲಿ ಒಂದು ಮಂಕರಿ ನಮ್ಮ ಸಂಸ್ಥೆಗೆಂದು ಎತ್ತಿಡುತ್ತಿದ್ದ. ತೂಬಿನ ಕಲ್ಲು ಸೀಳಿಹೋಗಿತ್ತು. ವರದಿಯಲ್ಲಿ ಬಂದರೆ ಸರ್ಕಾರ ಅದನ್ನು ಕಟ್ಟಿಸುತ್ತದೆಂದು ಅವನ ನಂಬಿಕೆ.

ನಾವು ಬರೆದೂ ಇದ್ದೆವು. ಆದರೆ ಆ ವರ್ಷ ಕಾಗದಕ್ಕೆ ಬರ. ಎಂಟು ಪುಟ ಕಡಿಮೆ ಮಾಡಿ ಎಂದರು ಅಚ್ಚುಕೂಟದವರು. ಕಾರ್ಯದರ್ಶಿಗಳು ಅದನ್ನು ನನಗೆ ಬಿಟ್ಟರು. ದಾನಿಗಳ ಪಟ್ಟಿಯನ್ನು ಮುಟ್ಟಿದರೆ ಮತ್ತೆ ಆ ಷಡ್ಡಕರ ಜಗಳ. ಸಾಕಾಗಿತ್ತು ನನಗೆ. ಕೆರೆಗಳ ಭಾಗವನ್ನೇ ಹೊಡೆದುಹಾಕಿದೆ.

ಸುಗ್ಗಿ ಮುಗಿದ ಮೇಲೆ, ಅಚ್ಚಾದ ವರದಿಯನ್ನು ಹಿಡಿದು ಮಂಕರಿಗಾಗಿ ಹೋದೆ. ನೀರುಗಂಟಿ ನಾಲ್ಕು ಜನರನ್ನು ಕೂರಿಸಿಕೊಂಡು ಕಾಯುತ್ತಿದ್ದ.

"ಏಮಯ್ಯಾ, ನಮ್ಮ ತೂಬು ಎಲ್ಲೈತೆ? ಅದೊಂದ್ ಓದ್ಬಿಡು."

ಬಿಸಿಲಲ್ಲಿ ಐದು ಮೈಲಿ ನಡೆದಿದ್ದೆ. ಇಲ್ಲವೆಂದರೆ ಯಾಕಿಲ್ಲವೆಂದು ಹೇಳುತ್ತ ಕೂರಬೇಕು. ದಾನಿಗಳ ಪಟ್ಟಿಯ ಪುಟ ತೆಗೆದು, ಸಾಹುಕಾರರ ಹೆಸರುಗಳ ಮೇಲೆ ಬೆರಳಾಡಿಸುತ್ತ, ಈ ಊರಿನ ತೂಬನ್ನು ಮಳೆಗಾಲಕ್ಕೆ ಮುಂಚೆ ದುರಸ್ತಿ ಮಾಡತಕ್ಕದ್ದು ಎಂದು ಬಾಯಿಗೆ ಬಂದದ್ದನ್ನು ಓದಿದೆ.

"ಕೇಳಿದ್ರೇನ್ಲಾ? ಮಾಡತಕ್ಕದ್ದಂತೆ. ಇನ್ನು ಅವರಪ್ಪನೂ ತಪ್ಪಿಸ್ಕೊಳ್ಳಂಗಿಲ್ಲ," ಎಂದು ಪಕ್ಕದವರಿಗೆ ಹೇಳಿದ.

ಪ್ರತಿ ಬೇಸಿಗೆಯಲ್ಲೂ ಊರವರು ಸೇರಿ ಆ ಸೀಳಿಗೆ ಜೇಡಿಮಣ್ಣು, ಹುಲ್ಲು ತುಂಬಿ ಮೆತ್ತುತ್ತಿದ್ದರು. ಆ ಬೇಸಿಗೆ ಅವನೇ ತಡೆದನಂತೆ, ಸರ್ಕಾರದವರು ಹೊಸ ಕಲ್ಲು ಕೂರಿಸುವಾಗ ಮಣ್ಣು ಅಡ್ಡವಾಗುತ್ತದೆಂದು. ಯಾರೂ ಬರಲಿಲ್ಲ. ಮಳೆ ಬಂತು. ತುಂಬಿದ ಕೆರೆ ಸೀಳಿನಲ್ಲೇ ಸೋರಿಹೋಯಿತು, ಪೈರು ತೆನೆಗೆ ಬರುವ ಹೊತ್ತಿಗೆ ನೀರಿರಲಿಲ್ಲ. ಇಷ್ಟು ನನಗೆ ತಿಳಿದದ್ದು ಮರುವರ್ಷ, ಅವನ ಜಗಲಿಯ ಮೇಲೆ ಕುಳಿತಾಗ. ಊರವರು ಅವನಿಗೆ ಭತ್ತ ಅಳೆಯಲಿಲ್ಲವಂತೆ.

ಬೈಯುತ್ತಾನೆಂದು ಕಾದೆ. ಅವನು ಬೈದದ್ದು ಸರ್ಕಾರವನ್ನು. ಒಳಗೆ ಹೋಗಿ ಮಂಕರಿ ತಂದ. ತಳದಲ್ಲಿ ಎರಡು ಸೇರು ಹಳೆಯ ಭತ್ತವಿತ್ತು.

"ನೀವು ಬರ್ದ್ರಿ, ಅವರು ಕೇಳ್ಲಿಲ್ಲ. ಈ ಸಲ ಇನ್ನೂ ಗಟ್ಟಿಯಾಗಿ ಬರೀರಯ್ಯಾ."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಬರೆಯುತ್ತೇವೆ ಎಂದು ಹೇಳಿ, ಭತ್ತವನ್ನು ಚೀಲಕ್ಕೆ ಸುರಿದುಕೊಂಡೆ.